ಟವೆಲ್ ಹಾಕಿದ ಸೀಟು

ಓದುವ ಎಲ್ಲ ಅಕ್ಕ ಅಣ್ಣಂದಿರಿಗೆ ಯಾದಗಿರಿಯಿಂದ ನಮಸ್ಕಾರ. ನಾನು ಹಿಟ್ಟಿನ ಗಿರಣಿ ನಡೆಸುವವನು. ಹತ್ತನೇ ಕ್ಲಾಸನ್ನು ಮಗಳ ಜೊತೆ ಕೂತು, ಅವಳ ಪುಸ್ತಕದಲ್ಲೇ ಓದಿ ಪಾಸು ಮಾಡಿದವನು. ಕೀಲಿಮಣೆಯ ಮೇಲೆ ನನ್ನ ಒಂದೇ ಬೆರಳು ಓಡಾಡುತ್ತದೆ, ಅದೂ ಎತ್ತಿನ ಗಾಡಿಯ ಓಟ. ಒತ್ತಕ್ಷರ ತಪ್ಪಿದ್ದರೆ, ಸಾಲು ಸೊಟ್ಟಗಾಗಿದ್ದರೆ, ಜೋಳದಲ್ಲಿ ಸಿಕ್ಕ ಹರಳಿನ ಹಾಗೆ ಆರಿಸಿ ಬದಿಗಿಟ್ಟು ಮುಂದೆ ಓದಿಕೊಳ್ಳಿ. ಬೈಯಬೇಡಿ.

ಇವತ್ತು ಬರೆಯಲು ಬಂದರೆ ಕುರ್ಚಿಯ ಮೇಲೆ ಒಂದು ಟವೆಲ್ ಇತ್ತು. ಮನೆಯವಳು ಒಣಗಿದ ಬಟ್ಟೆ ತರುವಾಗ ಹಾಕಿ ಹೋಗಿದ್ದಳು. ನಾನು ಅದರ ಮುಂದೆ ಸುಮ್ಮನೆ ನಿಂತೆ. ಮಗಳು ಅಕ್ಷತಾ ನೋಡಿ, ತೆಗೆದು ಕೂತರೆ ಆಯಿತಲ್ಲ ಎಂದಳು. ತೆಗೆಯುವುದು ಅಷ್ಟು ಸಲೀಸಲ್ಲ ಎಂದು ಅವಳಿಗೆ ಹೇಳಲಿಲ್ಲ. ನಿಮಗೆ ಹೇಳುತ್ತೇನೆ.

ಹೊರಗಿನವರಿಗೆ ಮೊದಲು ಇದನ್ನು ತಿಳಿಸಬೇಕು. ನಮ್ಮ ಕಡೆ ಬಸ್ಸು ಸ್ಟ್ಯಾಂಡಿನೊಳಗೆ ತಿರುಗುವಷ್ಟರಲ್ಲಿ ಕಿಟಕಿಗಳಿಂದ ಟವೆಲ್‌ಗಳು ಒಳಗೆ ಬೀಳುತ್ತವೆ. ಟವೆಲ್ ಬಿದ್ದ ಸೀಟು ಟವೆಲ್ಲಿನವನದು. ಅವನು ಆಮೇಲೆ ಚಹಾ ಕುಡಿದು, ಎಲೆ ಅಡಿಕೆ ಹಾಕಿಕೊಂಡು, ನಿಧಾನವಾಗಿ ಬರಬಹುದು. ಅಲ್ಲಿಯ ತನಕ ಟವೆಲ್ಲೇ ಅವನು. ಟವೆಲ್ ಇಲ್ಲದವರು ಕರ್ಚೀಫು ಹಾಕುತ್ತಾರೆ, ಟೋಪಿ ಹಾಕುತ್ತಾರೆ. ಒಬ್ಬ ಒಮ್ಮೆ ಚಪ್ಪಲಿ ಒಗೆದಿದ್ದ, ಚಪ್ಪಲಿಗೆ ಮಾತ್ರ ನಮ್ಮ ಜನ ಮರ್ಯಾದೆ ಕೊಡಲಿಲ್ಲ. ಹೊಲದ ಬದುವಿಗಾಗಿ ಕೋರ್ಟು ಹತ್ತಿದ ಮನುಷ್ಯ ಕೂಡ ಟವೆಲ್ ಬಿದ್ದ ಸೀಟಿಗೆ ತಕರಾರು ತೆಗೆಯುವುದಿಲ್ಲ. ನಮ್ಮ ಜನರ ನಿಯತ್ತು ನೋಡಬೇಕೆಂದರೆ ಬಸ್ಸಿನೊಳಗೆ ಬನ್ನಿ ಎಂದು ನಾನೇ ಎಷ್ಟೋ ಸಲ ಜಂಬದಿಂದ ಹೇಳಿದ್ದೇನೆ.

ಹತ್ತನೇ ಕ್ಲಾಸು ಮುಗಿದ ಮೇಲೆ ನನಗೆ ಇನ್ನಷ್ಟು ಸುಧಾರಿಸಬೇಕೆಂಬ ಹುಚ್ಚು ಹತ್ತಿತ್ತು. ಮಗಳು ಮೊಬೈಲಿನಲ್ಲಿ ಒಬ್ಬ ಗುರುಗಳ ಮಾತು ಹಚ್ಚಿಕೊಟ್ಟಳು. ಅವರು ತಣ್ಣಗೆ ಕೂತು ಹೇಳುತ್ತಿದ್ದರು, ಸುಳ್ಳು ಆಡಬೇಡಿ, ನಿಮ್ಮ ಮುಂದೆ ಏನಿದೆಯೋ ಅದನ್ನು ಪೂರ್ತಿಯಾಗಿ ನೋಡಿ, ನಿಮ್ಮ ಉಸಿರನ್ನು ನೋಡಿ ಎಂದು. ನಾನು ಮರುದಿನವೇ ಶುರು ಮಾಡಿದೆ. ಮೊದಲೆಲ್ಲ ಕರೆಂಟ್ ಹೋದಾಗ ಯಾವಾಗ ಬರುತ್ತದೆ ಎಂದು ಯಾರಾದರೂ ಕೇಳಿದರೆ, ಈಗ ಬಂತು ನೋಡಿ ಎನ್ನುತ್ತಿದ್ದೆ. ಸತ್ಯ ಹಿಡಿದ ಮೇಲೆ, ನನಗೆ ಗೊತ್ತಿಲ್ಲ ಎನ್ನತೊಡಗಿದೆ. ಜನ ಡಬ್ಬಿ ಎತ್ತಿಕೊಂಡು ಮೇಲಿನ ಓಣಿಯ ಗಿರಣಿಗೆ ಹೋದರು. ಅಲ್ಲಿಯೂ ಕರೆಂಟ್ ಇರಲಿಲ್ಲ, ಆದರೆ ಆ ಗಿರಣಿಯವನು ಇನ್ನೂ ಸುಧಾರಿಸಿರಲಿಲ್ಲ.

ಉಸಿರು ನೋಡಲು ಹೋಗಿದ್ದು ಅದಕ್ಕಿಂತ ದೊಡ್ಡ ಫಜೀತಿ. ಜೋಳ ಸುರಿದು, ಕಣ್ಣು ಮುಚ್ಚಿ, ಉಸಿರು ಒಳಗೆ, ಉಸಿರು ಹೊರಗೆ ಎಂದು ಕೂತಿದ್ದೆ. ಜೋಳ ತೀರಿದ್ದು ಗೊತ್ತಾಗಲಿಲ್ಲ. ಕಾಳಿಲ್ಲದೆ ಕಲ್ಲಿಗೆ ಕಲ್ಲು ಉಜ್ಜಿ ಸುಟ್ಟ ವಾಸನೆ ಎದ್ದಿತು. ಹಿಟ್ಟಿಗೆ ಕಾಯುತ್ತಿದ್ದ ನೀಲಮ್ಮಕ್ಕ ನನ್ನ ಭುಜ ಅಲುಗಾಡಿಸಿ, "ಏನೋ ತಮ್ಮಾ, ಕುಂತಲ್ಲೇ ಹೋದಿ ಅಂತ ತಿಳ್ಕೊಂಡಿದ್ದೆ" ಅಂದಳು.

ಇಷ್ಟಕ್ಕೂ ಬುದ್ಧಿ ಬರಲಿಲ್ಲ. ಶಹಾಪುರದಲ್ಲಿ ಅದೇ ತರಹದ ಒಂದು ಶಿಬಿರ ಇದೆ ಎಂದು ತಿಳಿದು ಹೆಸರು ಹಚ್ಚಿದೆ. ಮಧ್ಯಾಹ್ನ ಶುರು. ಹೊತ್ತಿಗೆ ಸರಿಯಾಗಿ ಬಾಗಿಲು ಹಾಕುತ್ತೇವೆ, ಆಮೇಲೆ ಬಂದವರನ್ನು ಒಳಗೆ ಬಿಡುವುದಿಲ್ಲ, ಸಮಯಪಾಲನೆಯೇ ಮೊದಲ ಪಾಠ ಎಂದು ಫೋನಿನಲ್ಲಿ ಹೇಳಿದ್ದರು. ಹಾಗಾಗಿ ನಾನು ಇಸ್ತ್ರಿ ಅಂಗಿ ಹಾಕಿಕೊಂಡು, ಬಿಸಿಲು ನೆತ್ತಿಗೆ ಬರುವ ಮೊದಲೇ ಯಾದಗಿರಿ ಸ್ಟ್ಯಾಂಡಿನಲ್ಲಿ ಸುರಪುರದ ಬಸ್ಸಿಗೆ ನಿಂತಿದ್ದೆ. ಅದು ಶಹಾಪುರದ ಮೇಲೆ ಹೋಗುತ್ತದೆ.

ಬಸ್ಸು ಬಂತು, ತುಂಬಿತು. ನನಗೆ ಸೀಟು ಸಿಗಲಿಲ್ಲ. ಸುಧಾರಣೆಯ ಭಾಗವಾಗಿ ಟವೆಲ್ ಹಾಕುವುದನ್ನು ಬಿಟ್ಟಿದ್ದೆ. ನೂಕಾಟದಲ್ಲಿ ನಡುವಿನ ಒಂದು ಸೀಟಿನ ಪಕ್ಕ ಬಂದು ನಿಂತೆ. ಇಬ್ಬರು ಕೂರುವ ಸೀಟು. ಈ ಬದಿಗೆ ಹಸಿರು ಸೀರೆಯ ಒಬ್ಬ ಹೆಣ್ಣುಮಗಳು ಕೂತಿದ್ದಳು. ಕಿಟಕಿಯ ಪಕ್ಕದ ಜಾಗದಲ್ಲಿ ಒಂದು ಬಿಳಿ ಟವೆಲ್, ಕೆಂಪು ಅಂಚು, ಒಂದು ಮಡಿಕೆ ಮಾಡಿ ಹಾಸಿದ್ದು.

ಬಸ್ಸು ಬಿಟ್ಟಿತು. ಟವೆಲ್ಲಿನವನು ಬರಲಿಲ್ಲ.

ನಾನು, ಮುಂದೆ ಬಾಗಿಲ ಹತ್ತಿರ ಸಿಕ್ಕಿಬಿದ್ದಿರಬೇಕು ಎಂದುಕೊಂಡೆ. ಮುಂದಿನವರು ಹಿಂದೆ ಇದ್ದಾನೆ ಎಂದುಕೊಂಡಿರಬೇಕು. ಬಸ್ಸು ಭೀಮಾ ಸೇತುವೆ ಏರಿತು. ಹೊಳೆಯಲ್ಲಿ ನೀರಿಗಿಂತ ಬಂಡೆ ಹೆಚ್ಚಿತ್ತು. ಬಸ್ಸಿನಲ್ಲಿ ಒಂದು ಕಾಲು ಇಡಲು ಜಾಗವಿಲ್ಲ, ಹೆಂಗಸರ ಕಂಕುಳಲ್ಲಿ ಕೂಸುಗಳು, ಮೊಣಕಾಲು ನೋವಿನ ಮುದುಕರು, ಆ ಒಂದು ಸೀಟು ಮಾತ್ರ ಖಾಲಿ. ಯಾರೂ ಅದನ್ನು ನೋಡುತ್ತಿರಲಿಲ್ಲ. ನೋಡದೆ ಇರುವುದಕ್ಕೂ ಒಂದು ರೀತಿ ಇದೆ ನೋಡಿ, ಎದುರಿಗೆ ಹಿರಿಯರು ಊಟ ಮಾಡುವಾಗ ಕಣ್ಣು ತಿರುಗಿಸುತ್ತೇವಲ್ಲ, ಆ ರೀತಿ.

ಹಸಿರು ಸೀರೆಯವಳು ಸೀಟಿನ ತೀರ ತುದಿಯಲ್ಲಿ, ಅರ್ಧ ಹೊರಗೆ ಜಾರಿದಂತೆ ಕೂತಿದ್ದಳು. ತಿರುವಿನಲ್ಲಿ ಬಸ್ಸು ಅವಳನ್ನು ಟವೆಲ್ ಕಡೆ ವಾಲಿಸಿದಾಗ ಗಟ್ಟಿಯಾಗಿ ಕಂಬಿ ಹಿಡಿದಳು, ಆಮೇಲೆ ಸೆರಗು ಸರಿಮಾಡಿಕೊಂಡಳು. ಪರಗಂಡಸಿನ ಪಕ್ಕ ಕೂತ ಹೆಂಗಸು ಸೆರಗು ಸರಿಮಾಡಿಕೊಳ್ಳುತ್ತಾಳಲ್ಲ, ಹಾಗೆ. ಕಂಡಕ್ಟರ್ ಟಿಕೆಟ್ ಹರಿಯುತ್ತ ಬಂದ. ನನಗೆ ಕೊಟ್ಟ, ಅವಳಿಗೆ ಕೊಟ್ಟ, ಮತ್ತೆ ಟವೆಲ್ಲಿನ ಕಡೆ ಕೈ ಚಾಚಿ, "ನಿಮ್ದು?" ಅಂದ. ಒಂದು ಗಳಿಗೆ ನಿಂತ. ಆಮೇಲೆ ಏನೂ ಆಗದವನಂತೆ ಹಿಂದೆ ಹೋದ.

ನನಗೆ ನಮ್ಮ ಹಳ್ಳಿ ಸಗರದ ಮುತ್ಯಾ ನೆನಪಾದ. ಮುತ್ಯಾ ಎಂದರೆ ಅಪ್ಪನ ಅಪ್ಪ. ಮನೆಯ ಮುಂದಿನ ಕಟ್ಟೆಯ ಮೇಲೆ ಕಂಬಕ್ಕೆ ಒರಗಿ ಕೂರುವುದು ಅವನ ಜಾಗ. ಎದ್ದು ಹೊಲಕ್ಕೆ ಹೋದರೆ ಅಲ್ಲಿ ಟವೆಲ್ ಬಿಟ್ಟು ಹೋಗುತ್ತಿದ್ದ. ನಾವು ಹುಡುಗರು ಅದನ್ನು ದಾಟುತ್ತಿರಲಿಲ್ಲ, ಸುತ್ತು ಹಾಕಿ ಹೋಗುತ್ತಿದ್ದೆವು. ಮುತ್ಯಾ ತೀರಿಕೊಂಡ ಮೇಲೂ ಆಯಿ, ಅಂದರೆ ಅಜ್ಜಿ, ಟವೆಲ್ ತೆಗೆಯಲಿಲ್ಲ. ತೆಗೆಯಲು ಯಾರಿಗೂ ಹೇಳಲೂ ಇಲ್ಲ. ಓಣಿಯವರು ಹಾದು ಹೋಗುವಾಗ ಅದರ ಕಡೆ ನೋಡಿ, ಬರ್ತೀನ್ರಿ ಯಜಮಾನ್ರ ಅನ್ನುತ್ತಿದ್ದರು. ರೂಢಿ. ಒಂದು ಬೇಸಿಗೆಯ ಮಧ್ಯಾಹ್ನ ಎಲ್ಲರೂ ಒಳಗೆ ಮಲಗಿದ್ದಾಗ ನಾನೊಬ್ಬನೇ ಕಟ್ಟೆಗೆ ಬಂದೆ. ಟವೆಲ್ಲಿನ ನಡುವೆ ತಗ್ಗು ಬಿದ್ದಿತ್ತು. ಈಗ ತಾನೇ ಎದ್ದು ಹೋದವರ ತಗ್ಗು. ಅಂಗೈ ಇಟ್ಟು ನೋಡಿದೆ, ಬೆಚ್ಚಗಿತ್ತು. ಬಿಸಿಲಿಗೆ ಕಾದ ಕಲ್ಲಪ್ಪ ಎಂದು ನೀವು ಹೇಳಬಹುದು. ನಾನೂ ಹಾಗೇ ಹೇಳಿಕೊಂಡು ಬಂದಿದ್ದೇನೆ. ಆದರೆ ನಮ್ಮ ಕಟ್ಟೆಗೆ ಮಧ್ಯಾಹ್ನ ಬಿಸಿಲು ಬರುವುದಿಲ್ಲ, ಬೇವಿನ ನೆರಳು.

ಬಸ್ಸಿಗೆ ಬರೋಣ. ನಿಂತು ಬೇಸರವಾಗಿ ಗುರುಗಳ ಪಾಠ ಮಾಡೋಣ ಎನಿಸಿತು. ಮುಂದೆ ಇರುವುದನ್ನು ಪೂರ್ತಿ ನೋಡು. ನನ್ನ ಮುಂದೆ ಇದ್ದದ್ದು ಟವೆಲ್. ಅದನ್ನೇ ನೋಡತೊಡಗಿದೆ. ಕೆಂಪು ಅಂಚಿನಲ್ಲಿ ಒಂದು ದಾರ ಬಿಚ್ಚಿತ್ತು. ಬಟ್ಟೆ ಅಲ್ಲಲ್ಲಿ ತೇವವಾಗಿತ್ತು. ಬೆವರು. ಇಷ್ಟು ಬಿಸಿ ಗಾಳಿಗೂ ಆ ತೇವ ಆರಿರಲಿಲ್ಲ. ಕಿಟಕಿಯಿಂದ ಗಾಳಿ ನುಗ್ಗಿ ಎಲ್ಲರ ಸೆರಗು, ಕೂದಲು ಹಾರುತ್ತಿದ್ದವು, ಟವೆಲ್ ಮಾತ್ರ ಏಳುತ್ತಿರಲಿಲ್ಲ. ಮೇಲೆ ಭಾರ ಇದ್ದ ಹಾಗೆ. ನೋಡುತ್ತ ನೋಡುತ್ತ ನನ್ನನ್ನೂ ಯಾರೋ ಅಷ್ಟೇ ಗಮನದಿಂದ ನೋಡುತ್ತಿದ್ದಾರೆ ಎನಿಸಿತು. ಆ ಸೀಟಿನ ಎತ್ತರದಿಂದ, ಮೇಲಕ್ಕೆ ಮುಖ ಎತ್ತಿ.

ಆಗ ಟವೆಲ್ಲಿನ ಒಂದು ತುದಿಯ ಗಂಟು ಕಂಡಿತು. ಗಂಟಿನಿಂದ ಹೊಳೆಯುವ ಕಾಗದ ಇಣುಕುತ್ತಿತ್ತು. ಪೆಪ್ಪರಮೆಂಟಿನ ಕಾಗದ. ಪಕ್ಕದಲ್ಲಿ ಸಣ್ಣ ಬೆಲ್ಲದ ಚೂರು, ಅದರ ಅಂಟು ಬಟ್ಟೆಗೆ ಹತ್ತಿತ್ತು.

ನನಗೂ ಸಕ್ಕರೆ ಕಾಯಿಲೆ. ನನ್ನ ಅಂಗಿಯ ಜೇಬಿನಲ್ಲೂ ಅದೇ ಪೆಪ್ಪರಮೆಂಟು ಇರುತ್ತದೆ. ಮಾತ್ರೆ ನುಂಗಿ, ಊಟ ತಡವಾಗಿ, ಸಕ್ಕರೆ ಒಮ್ಮೆಲೇ ಇಳಿದರೆ ಬೆವರು ಕಿತ್ತುಕೊಂಡು ಬರುತ್ತದೆ, ಕಣ್ಣು ಕತ್ತಲಾಗುತ್ತದೆ, ಆಗ ಇದೊಂದೇ ಆಸರೆ. ತಡವಾದರೆ ಮನುಷ್ಯ ಏಳುವುದೇ ಇಲ್ಲ ಎಂದು ಡಾಕ್ಟರು ನನಗೆ ಬೈದು ಹೇಳಿದ್ದಾರೆ. ಇಲ್ಲಿ ಬೆವರೂ ಇದೆ, ಬೆಲ್ಲವೂ ಇದೆ, ಮನುಷ್ಯ ಇಲ್ಲ. ಅವನ ಜೀವ ಉಳಿಸುವುದನ್ನು ನಾವು ಬಸ್ಸಿನಲ್ಲಿ ಕೂರಿಸಿಕೊಂಡು, ಮರ್ಯಾದೆಯಿಂದ ಅವನಿಂದ ದೂರ ಒಯ್ಯುತ್ತಿದ್ದೇವೆ.

ಇದು ಯಾರದು ಎಂದು ಕೂಗಿ ಕೇಳಿದೆ. ಯಾರೂ ನಮ್ಮದು ಎನ್ನಲಿಲ್ಲ. ಹಿಂದಿನಿಂದ ಒಬ್ಬ ಹರೆಯದವನು, ಟವೆಲ್ಲಿಗೆ ಸೀಟು ಕೊಟ್ಟೀರಿ, ಒಂದು ಚಹಾನೂ ಕೊಡಸ್ರಿ ಎಂದು ನಗಿಸಿದ. ನಾನು ಹಸಿರು ಸೀರೆಯವಳನ್ನು ಕೇಳಿದೆ, ಹಾಕಿದವರನ್ನು ನೋಡಿದೆಯಾ ಎಂದು.

"ಮಾರಿ ನೋಡಿಲ್ರೀ ಅಣ್ಣಾ. ನಾ ಕುಂದ್ರಾಕ ಬರೂದ್ರಾಗ ಕಿಟಕ್ಯಾಗಿಂದ ಒಂದು ಕೈ ಬಂತು. ಸಣ್ಣ ಕೈ, ನಡಗತಿತ್ತು. ಬಳ್ಳಾಗ ಹಸರು ಹಳ್ಳಿನ ಉಂಗ್ರ. ಟವೆಲ್ ಹಾಕಿ, ಹಿಂಗ ಸವರಿ, ಹೋತು."

ಕಂಡಕ್ಟರ್ ಒಳ್ಳೆಯವನು. ಸ್ಟ್ಯಾಂಡಿನಲ್ಲಿ ತನಗೆ ಗೊತ್ತಿದ್ದ ಒಬ್ಬರಿಗೆ ಫೋನ್ ಹಚ್ಚಿದ. ಆ ಕಡೆಯವರು, ಮನುಷ್ಯ ಹೇಗಿದ್ದಾನೆ, ಎಷ್ಟು ವಯಸ್ಸು, ಯಾವ ಬಣ್ಣದ ಅಂಗಿ ಎಂದು ಕೇಳಿದರು. ಕಂಡಕ್ಟರ್ ನಮ್ಮ ಮುಖ ನೋಡಿದ. ಇಡೀ ಬಸ್ಸು ಆ ಟವೆಲ್ಲಿನ ಅಂಚು, ಮಡಿಕೆ ಎಲ್ಲ ಹೇಳಬಲ್ಲದು, ಮನುಷ್ಯನ ಬಗ್ಗೆ ಒಂದು ಮಾತೂ ಯಾರಿಗೂ ಗೊತ್ತಿಲ್ಲ. ಕೈ ಒಂದು ಕಂಡಿತ್ತಂತೆ ಎಂದು ಕಂಡಕ್ಟರ್ ಹೇಳಿದ. ಆ ಕಡೆಯವರಿಗೆ ನಗು ಬಂದಿರಬೇಕು, ಫೋನ್ ಇಟ್ಟರು.

ನಾನು ಬಗ್ಗಿ ಟವೆಲ್ಲಿಗೆ ಕೈ ಹಾಕಿದೆ.

"ಮುಟ್ಟಬ್ಯಾಡ್ರೀ," ಅಂದಳು ಹಸಿರು ಸೀರೆಯವಳು, ಸಣ್ಣ ದನಿಯಲ್ಲಿ. "ಅವ್ರು ಬಂದ್ರ ಏನಂತಾರ?"

ಓಡುವ ಬಸ್ಸಿನಲ್ಲಿ ಎಲ್ಲಿಂದ ಬರುತ್ತಾರೆ ಎಂದು ನಾನು ಕೇಳಲಿಲ್ಲ. ಅವಳು ಟವೆಲ್ಲಿನ ಮೇಲೆ, ಒಬ್ಬ ಕೂತ ಮನುಷ್ಯನ ಮುಖ ಇರುವಷ್ಟು ಎತ್ತರಕ್ಕೆ ನೋಡುತ್ತಿದ್ದಳು. ನಾನು ತಡಮಾಡದೆ ಎತ್ತಿಕೊಂಡೆ. ಎತ್ತುವಾಗ, ತಮಾಷೆ ಎನ್ನಬೇಡಿ, ಬಾಯಿಂದ ತಾನಾಗೇ ಮಾಫ್ ಮಾಡ್ರಿ ಎಂಬ ಮಾತು ಬಂತು.

ಬಸ್ಸು ನಿಲ್ಲಿಸಿ ಇಳಿದೆ. ಒಬ್ಬರು ಮುದುಕರು ಬಾಗಿಲಿನಿಂದ, ಶಹಾಪುರ ಇನ್ನೂ ದೂರ ಅದರೀ ಎಂದು ಎಚ್ಚರಿಸಿದರು. ಬಸ್ಸು ಹೋಯಿತು. ಶಿಬಿರದ ಬಾಗಿಲೂ ಅದರ ಜೊತೆಗೇ ಹೋಯಿತು ಎಂದುಕೊಂಡೆ.

ನಮ್ಮ ಕಡೆಯ ಬೇಸಿಗೆಯ ಮಧ್ಯಾಹ್ನ ನಿಮಗೆ ಗೊತ್ತಿರಬಹುದು. ರಸ್ತೆಯ ಮೇಲೆ ನರಪಿಳ್ಳೆ ಇರುವುದಿಲ್ಲ. ನೆರಳು ಕಾಲಿನ ಕೆಳಗೆ ಬಂದು ಅಡಗಿರುತ್ತದೆ. ದೂರದ ಡಾಂಬರು ನೀರಿನಂತೆ ನಡುಗುತ್ತದೆ, ಅದರಾಚೆ ನಿಂತ ಗಿಡ ಒಮ್ಮೆ ಗಿಡ, ಒಮ್ಮೆ ಮನುಷ್ಯ. ಟವೆಲ್ಲನ್ನು ಹೆಗಲಿಗೆ ಹಾಕಿಕೊಳ್ಳಲು ಮನಸ್ಸು ಬರಲಿಲ್ಲ. ಕಂಕುಳಲ್ಲಿ ಹಿಚುಕಲೂ ಆಗಲಿಲ್ಲ. ಎರಡೂ ಅಂಗೈಗಳ ಮೇಲೆ ಹಾಗೇ ಹಿಡಿದುಕೊಂಡು ಯಾದಗಿರಿ ಕಡೆ ನಡೆದೆ.

ಒಬ್ಬ ಬೈಕಿನವನು ಹಿಂದಿನಿಂದ ಬಂದು, ನನ್ನನ್ನು ದಾಟಿ, ನಿಂತ. ಟವೆಲ್ ನೋಡಿ ಹಣೆಗೆ ಕೈ ಮುಟ್ಟಿಸಿಕೊಂಡ. ದರ್ಗಾಕ್ಕೆ ಚಾದರ ಒಯ್ಯುತ್ತಿದ್ದೇನೆ ಎಂದುಕೊಂಡಿದ್ದ. ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಸತ್ಯದ ಹುಚ್ಚು ಇನ್ನೂ ಇಳಿದಿರಲಿಲ್ಲವಲ್ಲ, ಇದು ಬಸ್ಸಿನ ಸೀಟಿಗೆ ಹಾಕಿದ ಟವೆಲ್ ಎಂದು ಹೇಳಿ, ನಡೆದದ್ದನ್ನೆಲ್ಲ ಹೇಳಿದೆ. ಅವನು ಟವೆಲ್ಲನ್ನೂ ನನ್ನನ್ನೂ ಮತ್ತೊಮ್ಮೆ ನೋಡಿ, ಕೂರಿ ಎಂದ.

ಸೇತುವೆಯ ಏರಿಗೆ ಬೈಕು ಏದುಸಿರು ಬಿಟ್ಟಿತು. ಅವನು ಗೇರು ಇಳಿಸಿದ, ಮತ್ತೆ ಇಳಿಸಿದ. ತಿರುಗಿ ನೋಡದೆಯೇ ಕೇಳಿದ, "ಕಾಕಾ, ಹಿಂದ ನೀವೊಬ್ರೇ ಅದೀರಿಲ್ಲ?"

ಒಬ್ಬನೇ ಎಂದೆ. ದನಿ ನನ್ನದೇ ಎಂದು ಅನ್ನಿಸಲಿಲ್ಲ. ಅವನು ನನ್ನನ್ನು ಸ್ಟ್ಯಾಂಡಿನ ಮುಂದೆ ಇಳಿಸಿ ಹೋದ.

ಸ್ಟ್ಯಾಂಡಿನಲ್ಲಿ ಎಲ್ಲರ ಕೈಗಳನ್ನು ನೋಡುತ್ತ ಓಡಾಡಿದೆ. ಬಳೆಯ ಕೈ, ಬೀಡಿಯ ಕೈ, ಮೊಬೈಲಿನ ಕೈ. ಹಸಿರು ಹರಳಿನ ಉಂಗುರ ಎಲ್ಲೂ ಇಲ್ಲ. ಕೊನೆಗೆ ಹಿಂಭಾಗಕ್ಕೆ, ನೀರಿನ ಟಾಕಿಯ ಆಚೆಗೆ ಹೋದೆ. ಅಲ್ಲಿ ಜನ ಬರುವುದಿಲ್ಲ. ಗೋಡೆಗೆ ಹತ್ತಿದ ಕಲ್ಲಿನ ಬೆಂಚಿನ ಮೇಲೆ ಬಿಳಿ ಗಡ್ಡದ ಒಬ್ಬರು ಒಬ್ಬರೇ ಕೂತಿದ್ದರು.

ಕೂತ ರೀತಿ ನೋಡಿ ನಾನು ಅಲ್ಲೇ ನಿಂತೆ. ಬೆಂಚು ಉದ್ದವಾಗಿತ್ತು, ಅವರು ಗೋಡೆಯ ತುದಿಗೆ ಒತ್ತಿಕೊಂಡು, ಪಕ್ಕದಲ್ಲಿ ಯಾರೋ ಇದ್ದಂತೆ ಮೊಣಕಾಲು ಕೂಡಿಸಿ ಕೂತಿದ್ದರು. ಬಲಗೈ ಮುಂದೆ ಚಾಚಿ ಗಾಳಿಯಲ್ಲಿ ಏನನ್ನೋ ಗಟ್ಟಿಯಾಗಿ ಹಿಡಿದಿತ್ತು. ಮೈ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತೂಗುತ್ತಿತ್ತು, ರಸ್ತೆಯ ತಿರುವಿಗೆ ಬಸ್ಸಿನೊಳಗಿನವರ ಮೈ ತೂಗುವ ಹಾಗೆ. ಕಣ್ಣು ತೆರೆದಿದ್ದವು. ಅಂಗಿ ನೀರಲ್ಲಿ ಅದ್ದಿ ತೆಗೆದಂತೆ ತೊಯ್ದಿತ್ತು. ಚಾಚಿದ ಕೈಯ ಬೆರಳಲ್ಲಿ ಹಸಿರು ಹರಳಿನ ಉಂಗುರ.

ಚಾಚಾ ಎಂದೆ. ತೂಗುವುದು ನಿಲ್ಲಲಿಲ್ಲ. ಟವೆಲ್ಲಿನ ಗಂಟನ್ನು ಹಲ್ಲಿನಿಂದ ಬಿಚ್ಚಿದೆ. ಬೆಲ್ಲ ಪುಡಿ ಮಾಡಿ ಅವರ ದವಡೆಗೆ ಸವರಿದೆ. ಸ್ಟ್ಯಾಂಡಿನ ಚಹಾ ಅಂಗಡಿಯವನಿಗೆ ಕೂಗಿ ಸಕ್ಕರೆ ನೀರು ತರಿಸಿದೆ. ಗುಟುಕರಿಸುತ್ತಾರೋ ಇಲ್ಲವೋ ಎಂದು ಗಂಟಲನ್ನೇ ನೋಡುತ್ತ ಕೂತೆ. ಉಸಿರು ನೋಡುವುದು ಎಂದರೇನೆಂದು ನನಗೆ ಅಲ್ಲಿ ತಿಳಿಯಿತು. ಎಷ್ಟೋ ಹೊತ್ತಿನ ಮೇಲೆ ಗಂಟಲು ಅಲುಗಾಡಿತು. ಗುಟುಕು ಇಳಿಯಿತು. ಆಮೇಲೆ ಮತ್ತೊಂದು. ಚಾಚಿದ ಕೈ ನಿಧಾನಕ್ಕೆ ತೊಡೆಯ ಮೇಲೆ ಬಂತು.

ಅವರ ಹೆಸರು ಖಾಜಾಸಾಬ. ಹಾಸಿಗೆ ದುಪ್ಪಟಿ ಹೊಲಿಯುವವರು. ಸುರಪುರದಲ್ಲಿರುವ ತಂಗಿಯನ್ನು ನೋಡಲು ಹೊರಟಿದ್ದರಂತೆ. ಮುಂಜಾನೆ ಮಾತ್ರೆ ನುಂಗಿ, ತಂಗಿಯ ಮನೆಯಲ್ಲೇ ಉಂಡರಾಯಿತು ಎಂದು ಖಾಲಿ ಹೊಟ್ಟೆಯಲ್ಲಿ ಬಂದಿದ್ದರು. ಟವೆಲ್ ಹಾಕಿದ ಮೇಲೆ ಮುಖ ತೊಳೆದುಕೊಳ್ಳಲು ಟಾಕಿಯ ಕಡೆ ಬಂದದ್ದು ಅವರಿಗೆ ನೆನಪಿತ್ತು. ಇದೆಲ್ಲ ಹೇಳಿದ್ದು ಪೂರ್ತಿ ಎಚ್ಚರಾದ ಮೇಲೆ. ಅದಕ್ಕೆ ಮೊದಲು, ಕಣ್ಣು ಇನ್ನೂ ಮಂಜಾಗಿದ್ದಾಗ, ಅವರು ನನ್ನನ್ನು ಗುರುತಿನವರಂತೆ ನೋಡಿ ಮಾತಾಡಿದರು.

"ಬಾಜೂಕ ಆ ಹಸರು ಸೀರಿ ಹೆಣಮಗಳು ತುದೀಗ ಕುಂತಾಳ, ಪಾಪ. ಸರದು ಕುಂದ್ರವಾ, ಜಾಗಾ ಅದ ಅಂತ ಹೇಳಬೇಕಂತೀನಿ, ಬಾಯೇ ಬರವಲ್ದು."

ನಾನು ಸಕ್ಕರೆ ನೀರಿನ ಲೋಟ ಮತ್ತೆ ಅವರ ತುಟಿಗೆ ಹಿಡಿದೆ.

"ನೀವು ನನ್ನ ಮುಂದೇ ನಿಂತಿದ್ರಿ. ಅಷ್ಟೊತ್ತು ನನ್ನೇ ನೋಡಾಕತ್ತಿದ್ರಿ," ಅಂದರು. "ಮಾತಾಡಸಲಿಲ್ಲ ಯಾಕ್ರೀ?"

ಆಮೇಲೊಮ್ಮೆ ನನ್ನ ಡಾಕ್ಟರಿಗೆ ಇದನ್ನು ಹೇಳಿದಾಗ, ಸಕ್ಕರೆ ಇಳಿದಾಗ ತಲೆ ಏನೇನೋ ಕಟ್ಟುತ್ತದೆ ಎಂದರು. ಕಿಟಕಿಯಿಂದ ಟವೆಲ್ ಹಾಕುವಾಗ ಹಸಿರು ಸೀರೆ ಕಣ್ಣಿಗೆ ಬಿದ್ದಿರುತ್ತದೆ ಎಂದರು. ಇರಬಹುದು. ಆದರೆ ಅವಳು ತೀರ ತುದಿಗೆ ಜಾರಿದ್ದು ಬಸ್ಸು ಹೊರಟ ಮೇಲೆ, ನಾನು ಟವೆಲ್ಲನ್ನೇ ನೋಡುತ್ತ ನಿಂತಿದ್ದೂ ಬಸ್ಸು ಹೊರಟ ಮೇಲೆ. ಇದನ್ನು ಡಾಕ್ಟರಿಗೆ ಹೇಳಲು ಹೋಗಲಿಲ್ಲ, ಹೊರಗೆ ಇನ್ನೂ ಪೇಷಂಟುಗಳು ಕಾಯುತ್ತಿದ್ದರು.

ಅವತ್ತು ಖಾಜಾಸಾಬರಿಗೆ ಎರಡು ಇಡ್ಲಿ ತಿನ್ನಿಸಿ, ಮುಂದಿನ ಬಸ್ಸಿಗೆ ಕೈ ಹಿಡಿದು ಹತ್ತಿಸಿ, ನಾನೂ ಸುರಪುರದ ತನಕ ಹೋಗಿ ತಂಗಿಯ ಮನೆ ಮುಟ್ಟಿಸಿ ಬಂದೆ. ಬಸ್ಸು ಶಹಾಪುರ ದಾಟುವಾಗ ಶಿಬಿರದ ಹಾಲ್ ಕಂಡಿತು. ಬಾಗಿಲು ಹಾಕಿತ್ತು.

ಈಗಲೂ ನಾನು ಬೆಳಿಗ್ಗೆ ಬೇಗ ಏಳುತ್ತೇನೆ, ಎರಡು ದಿನಕ್ಕೊಮ್ಮೆ ಸುಳ್ಳೂ ಹೇಳುತ್ತೇನೆ, ಕರೆಂಟ್ ವಿಷಯದಲ್ಲಂತೂ ಮೊದಲಿನಂತೆಯೇ. ಹೊಸದಾಗಿ ಅಂಟಿಕೊಂಡ ಚಟ ಒಂದೇ. ಬಸ್ಸಿನಲ್ಲಿ ಟವೆಲ್ ಹಾಕಿದ ಖಾಲಿ ಸೀಟು ಕಂಡರೆ ಅದರ ಕಡೆ ಬಗ್ಗಿ, ಆರಾಮ ಅದೀರೇನ್ರೀ ಎಂದು ಕೇಳುತ್ತೇನೆ. ಜನ ನಗುತ್ತಾರೆ. ಬಹಳ ಸಲ ಬಾಗಿಲ ಕಡೆಯಿಂದಲೋ ಕಿಟಕಿಯ ಹೊರಗಿನಿಂದಲೋ ಯಾರಾದರೂ, ಹೂಂ ಅದೀನ್ರೀ, ಬಂದೆ ಎನ್ನುತ್ತಾರೆ. ಯಾರೂ ಏನೂ ಅನ್ನದಿದ್ದರೆ ನಾನು ಇಳಿದು, ಸ್ಟ್ಯಾಂಡಿನ ಹಿಂದೆ ಒಂದು ಸುತ್ತು ಹಾಕಿ ಬರುತ್ತೇನೆ. ಎಷ್ಟೋ ಬಸ್ಸು ತಪ್ಪಿವೆ.

ನಿಮ್ಮ ಊರ ಬಸ್ಸಿನಲ್ಲೂ ಇಂಥ ಸೀಟುಗಳು ಇದ್ದೇ ಇರುತ್ತವೆ. ಯಾರೂ ಬಾರದ ಒಂದು ಟವೆಲ್ಲಿನ ಪಕ್ಕ ನೀವೂ ಎಂದಾದರೂ ಊರ ತನಕ ನಿಂತು ಹೋಗಿದ್ದೀರಾ? ಅದು ಯಾರದೆಂದು ಆಮೇಲೆ ತಿಳಿಯಿತೇ? ತಿಳಿದಿದ್ದರೆ ನನಗೆ ಬರೆಯಿರಿ, ನಿಧಾನವಾಗಿಯಾದರೂ ಉತ್ತರ ಕೊಡುತ್ತೇನೆ. ತಿಳಿಯದೇ ಹೋಗಿದ್ದರೆ, ಅದನ್ನಂತೂ ಬರೆಯಲೇಬೇಕು. ಆ ಟವೆಲ್ಲಿನವರನ್ನು ಮಾತಾಡಿಸುವವರು ಇನ್ನೂ ಯಾರೂ ಬಂದಿಲ್ಲ.